ಓಣಿ, ತಾಂಡಾ, ತಾಲ್ಲೂಕು: ಬೀದರ್ ಜಿಲ್ಲೆಯಲ್ಲಿ ಹೃದ್ರೋಗದ ಹೊರೆ ಯಾರ ಮೇಲೆ?

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳೊಳಗೆ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ರಾಜ್ಯವನ್ನೇ ಕಂಗೆಡಿಸಿತು. ಹೃದ್ರೋಗ ಚಿಕಿತ್ಸೆಯ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು, ಅಸಹಜ ಏರಿಕೆಯೇನೂ ಕಾಣುತ್ತಿಲ್ಲವೆಂದು ಸಮಿತಿ ಹೇಳಿತು. ಆ ಗದ್ದಲದಲ್ಲಿ ಎದ್ದ ಪ್ರಶ್ನೆಗಳೆಲ್ಲ ಸತ್ತ ವ್ಯಕ್ತಿಯ ಸುತ್ತಲೇ ತಿರುಗಿದವು: ಏನು ತಿನ್ನುತ್ತಿದ್ದ, ಬೀಡಿ ಸಿಗರೇಟು ಇತ್ತೇ, ಒತ್ತಡ ಇತ್ತೇ, ಲಸಿಕೆ ಹಾಕಿಸಿಕೊಂಡಿದ್ದನೇ. ಆತ ಯಾವ ಓಣಿಯವನು, ಅಲ್ಲಿಂದ ಇಸಿಜಿ ಯಂತ್ರ ಎಷ್ಟು ದೂರ, ಆ ಓಣಿಯಲ್ಲಿ ಬಿಪಿ ಗುಳಿಗೆ ತಿಂಗಳು ತಪ್ಪದೆ ಸಿಗುತ್ತದೆಯೇ ಎಂದು ಕೇಳಿದವರು ಕಡಿಮೆ. ರಾಜ್ಯದ ಉತ್ತರದ ತುದಿಯಲ್ಲಿರುವ ಬೀದರ್ ಜಿಲ್ಲೆಯಲ್ಲಿ ನಿಂತು ನೋಡಿದರೆ ಈ ಎರಡನೆಯ ಬಗೆಯ ಪ್ರಶ್ನೆಗಳನ್ನು ಬಿಟ್ಟು ಮುಂದೆ ಹೋಗುವುದೇ ಸಾಧ್ಯವಿಲ್ಲ. ಇಲ್ಲಿ ಯಾರು ಯಾವ ಸಮುದಾಯದವರು ಎಂಬುದಕ್ಕೂ ಅವರು ಎಲ್ಲಿ ವಾಸಿಸುತ್ತಾರೆ ಎಂಬುದಕ್ಕೂ ತಲೆತಲಾಂತರದ ಗಂಟು ಬಿದ್ದಿದೆ. ಹೃದ್ರೋಗದ ಅಪಾಯ ಒಂದೊಂದು ಸಮುದಾಯದಲ್ಲಿ ಒಂದೊಂದು ರೀತಿ ಕಂಡರೆ, ಅದು ಆ ಜನರ ರಕ್ತದ ಗುಣವೇ, ಊಟದ ಗುಣವೇ, ಇಲ್ಲ ಅವರಿಗೆ ಸಿಕ್ಕ ನೆಲದ ಗುಣವೇ? ಜಗತ್ತಿನಲ್ಲಿ ಅರ್ಧ ಶತಮಾನದಿಂದ ನಡೆದಿರುವ ಈ ವಾದವನ್ನು ಬೀದರ್ ಶಹರ, ಭಾಲ್ಕಿ, ಔರಾದ್‌ಗಳ ನೆಲೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೂರು ಊರು, ಮೂರು ಬಗೆಯ ಅಭಾವ

1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಒಂದೇ ಸಂತೆಯಲ್ಲಿ ಕೇಳಿಬರುವ ಜಿಲ್ಲೆ ಇದು. 2011ರ ಜನಗಣತಿಯಂತೆ ಜನಸಂಖ್ಯೆ 17 ಲಕ್ಷ. ಅದರಲ್ಲಿ ಪರಿಶಿಷ್ಟ ಜಾತಿಯವರು ಶೇ 23ರಷ್ಟು, ಪರಿಶಿಷ್ಟ ಪಂಗಡದವರು ಶೇ 14ರ ಹತ್ತಿರ; ಐವರಲ್ಲಿ ಒಬ್ಬರು ಮುಸ್ಲಿಮರು. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು 'ಅತ್ಯಂತ ಹಿಂದುಳಿದವು' ಎಂದು ಕರೆಯಿತು. ಆ 39ರಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಔರಾದ್, ಭಾಲ್ಕಿ ಎರಡೂ ಆ ಪಟ್ಟಿಯಲ್ಲಿದ್ದವು. ಬೀದರ್ ತಾಲ್ಲೂಕು ಅವಕ್ಕಿಂತ ಮೇಲಿತ್ತು. ಸಂವಿಧಾನದ 371ಜೆ ವಿಧಿಯಡಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಬಂದದ್ದು, ಅಭಿವೃದ್ಧಿ ಮಂಡಳಿಗೆ ಹಣ ಹರಿದದ್ದು ಇವೆಲ್ಲ ಅದಾದ ಒಂದು ದಶಕದ ನಂತರದ ಮಾತು.

ಆದರೆ ತಾಲ್ಲೂಕಿನ ಸೂಚ್ಯಂಕ ಒಂದು ದೊಡ್ಡ ಸತ್ಯವನ್ನು ತೋರಿಸುತ್ತಲೇ ಹಲವು ಸಣ್ಣ ಸತ್ಯಗಳನ್ನು ಮುಚ್ಚಿಬಿಡುತ್ತದೆ. ಬೀದರ್ ಶಹರದಲ್ಲಿ ಗೋಡೆಯೊಳಗಿನ ಹಳೆ ಊರು, ಅಂದರೆ ಚೌಬಾರಾ ಮತ್ತು ಗವಾನ್ ಮದರಸಾದ ಸುತ್ತಲಿನ ಗಲ್ಲಿಗಳು, ಇಕ್ಕಟ್ಟಾದ ಮನೆಗಳ, ಹೆಚ್ಚಾಗಿ ಮುಸ್ಲಿಂ ಕುಟುಂಬಗಳ ಪ್ರದೇಶ. ನೌಬಾದ್, ಶಿವನಗರದ ಕಡೆಯ ಹೊಸ ಬಡಾವಣೆಗಳ ಬದುಕೇ ಬೇರೆ. ಶಹರದ ಹೊರಗೆ ಕೊಳಾರ ಕೈಗಾರಿಕಾ ಪ್ರದೇಶದ ರಾಸಾಯನಿಕ ಘಟಕಗಳ ಸುತ್ತಲಿನ ಹಳ್ಳಿಗಳ ಜನ ಹೊಗೆ, ದುರ್ನಾತದ ಬಗ್ಗೆ ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಭಾಲ್ಕಿಗೆ ರೈಲಿದೆ, ಸುತ್ತಮುತ್ತ ಕಬ್ಬಿದೆ, ಕಾರಂಜಾ ಜಲಾಶಯದ ನೀರಿದೆ. ಆದರೂ ಊರ ಹೊರಗಿನ ದಲಿತ ಓಣಿಗೆ ಆ ನೀರಿನ ಸಿರಿ ಕೂಲಿಯ ರೂಪದಲ್ಲಷ್ಟೇ ತಲುಪುತ್ತದೆ. ಔರಾದ್ ಪಟ್ಟಣಕ್ಕೆ ರೈಲೂ ಇಲ್ಲ. ಮಹಾರಾಷ್ಟ್ರ, ತೆಲಂಗಾಣಗಳ ನಡುವೆ ಚಾಚಿಕೊಂಡ ಈ ಭಾಗದ ತಾಂಡಾಗಳಲ್ಲಿ ಸೋಯಾ, ಉದ್ದು, ತೊಗರಿಯ ಸುಗ್ಗಿ ಮುಗಿದ ಮೇಲೆ ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುವುದು ರೂಢಿ. ಹೀಗೆ ಅಭಾವವೂ ಎಲ್ಲೆಡೆ ಒಂದೇ ಬಗೆಯದಲ್ಲ. ಹಳೆ ಶಹರದಲ್ಲಿ ಗಾಳಿ, ಜಾಗಗಳಿಲ್ಲ. ಔರಾದ್ ತಾಂಡಾದಲ್ಲಿ ಗಾಳಿ, ಜಾಗ ಎರಡೂ ಉಂಟು, ವೈದ್ಯರಿಲ್ಲ.

ವ್ಯಕ್ತಿಯಿಂದ ನೆರೆಹೊರೆಗೆ ಬಂದ ವಾದ

1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಶುರುವಾದ ಅಧ್ಯಯನ ಹೃದ್ರೋಗದ ಅಪಾಯವನ್ನು ವ್ಯಕ್ತಿಯ ದೇಹದಲ್ಲಿ ಹುಡುಕುವುದನ್ನು ಕಲಿಸಿತು. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ, ಸಕ್ಕರೆ ಕಾಯಿಲೆ ಎಂದು ಇಂದು ಆಶಾ ಕಾರ್ಯಕರ್ತೆಯ ನಾಲಿಗೆಯ ಮೇಲಿರುವ ಪಟ್ಟಿ ಅಲ್ಲಿಂದ ಬಂದದ್ದು. ಅದರ ಉಪಕಾರ ದೊಡ್ಡದು. ಆದರೆ 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಆರಂಭವಾದ ವೈಟ್‌ಹಾಲ್ ಅಧ್ಯಯನ ಆ ಪಟ್ಟಿ ಸಾಲದೆಂದು ತೋರಿಸಿತು. ಸುಮಾರು 18,000 ಗಂಡಸರು, ಎಲ್ಲರಿಗೂ ಕಾಯಂ ನೌಕರಿ, ಎಲ್ಲರಿಗೂ ಉಚಿತ ಚಿಕಿತ್ಸೆ. ಹಾಗಿದ್ದೂ ಕೆಳಗಿನ ದರ್ಜೆಯವರಲ್ಲಿ ಹೃದ್ರೋಗದ ಸಾವು ಮೇಲಿನ ದರ್ಜೆಯವರ ಮೂರು ಪಟ್ಟಿಗೂ ಹೆಚ್ಚಿತ್ತು. ಬೀಡಿ ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಈ ಅಂತರದ ಅರ್ಧಕ್ಕಿಂತ ಕಡಿಮೆ ಪಾಲಿಗಷ್ಟೇ ಕಾರಣ ಸಿಕ್ಕಿತು. ಮೈಕೆಲ್ ಮಾರ್ಮೊಟ್ ಮತ್ತು ಸಂಗಡಿಗರ ಈ ಶೋಧದಿಂದ ಸಮಾಜದ ಏಣಿಯೇ ಒಂದು ಅಪಾಯಕಾರಿ ಅಂಶ ಎಂಬ ಪಂಥ ಗಟ್ಟಿಯಾಯಿತು.

ಮುಂದಿನ ಹೆಜ್ಜೆ ನೆರೆಹೊರೆಯದು. ಬಡವರ ಓಣಿಯಲ್ಲಿ ರೋಗ ಹೆಚ್ಚೆಂದರೆ, ಬಡವರು ಅಲ್ಲಿ ಇರುವುದರಿಂದ ಹೆಚ್ಚೋ, ಓಣಿಯೇ ಬಡವಾಗಿರುವುದರಿಂದ ಹೆಚ್ಚೋ? ಅನಾ ಡೀಸ್ ರೂ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ನಾಲ್ಕು ಕಡೆಗಳ 13,000 ಜನರನ್ನು ಒಂಬತ್ತು ವರ್ಷ ಹಿಂಬಾಲಿಸಿ ಇದಕ್ಕೆ ಉತ್ತರ ಹುಡುಕಿದರು. ವ್ಯಕ್ತಿಯ ಆದಾಯ, ಓದು, ಉದ್ಯೋಗಗಳನ್ನು ಬೇರ್ಪಡಿಸಿ ನೋಡಿದ ಮೇಲೂ ಹಿಂದುಳಿದ ನೆರೆಹೊರೆಯಲ್ಲಿ ಹೃದಯಾಘಾತ ಹೆಚ್ಚಿತ್ತು. ಬಿಳಿಯರಲ್ಲೂ ಹೌದು, ಕರಿಯರಲ್ಲೂ ಹೌದು. ಸಮುದಾಯ ಬೇರೆಯಾದರೂ ನೆಲದ ಪರಿಣಾಮ ಅಳಿಯಲಿಲ್ಲ ಎಂಬುದೇ ನಮ್ಮ ಪ್ರಶ್ನೆಗೆ ಅದರ ಮುಖ್ಯ ಕೊಡುಗೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಆರೋಗ್ಯ ಕೆಟ್ಟವರೇ ದುಡಿಮೆ ಕಳೆದುಕೊಂಡು ಅಗ್ಗದ ಓಣಿಗೆ ಸರಿದಿರಬಹುದಲ್ಲ? ಹಾಗಾದರೆ ಓಣಿ ರೋಗಕ್ಕೆ ಕಾರಣವಲ್ಲ, ರೋಗದ ಫಲ. ಇದನ್ನು ಪರೀಕ್ಷಿಸುವ ಅವಕಾಶ ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ವಸತಿ ಯೋಜನೆಯಿಂದ ಸಿಕ್ಕಿತು. ಐದು ನಗರಗಳ ಬಡ ಕುಟುಂಬಗಳಿಗೆ ಲಾಟರಿ ಎತ್ತಿ, ಕೆಲವರಿಗೆ ಕಡಿಮೆ ಬಡತನದ ಪ್ರದೇಶಕ್ಕೆ ಹೋಗಲು ಬಾಡಿಗೆಯ ನೆರವು ಕೊಟ್ಟರು. ಹತ್ತು ಹದಿನೈದು ವರ್ಷಗಳ ನಂತರ ನೋಡಿದಾಗ ಹಾಗೆ ಅವಕಾಶ ಸಿಕ್ಕ ಹೆಂಗಸರಲ್ಲಿ ವಿಪರೀತ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಅಷ್ಟಿಷ್ಟಾದರೂ ಕಡಿಮೆಯಿತ್ತು. ಲಾಟರಿಯಲ್ಲಿ ಯಾರೂ ಆಯ್ದುಕೊಂಡು ಹೋಗಿರಲಿಲ್ಲವಾದ್ದರಿಂದ ಆಕ್ಷೇಪದ ಬಲ ಅಲ್ಲಿಗೆ ಕುಗ್ಗಿತು. ನಮ್ಮಲ್ಲಂತೂ ಅದಕ್ಕೆ ಇನ್ನೂ ಕಡಿಮೆ ಜಾಗ. ಔರಾದ್‌ನ ತಾಂಡಾದಲ್ಲಿ, ಭಾಲ್ಕಿ ಹಳ್ಳಿಯ ದಲಿತ ಓಣಿಯಲ್ಲಿ ಇರುವವರು ಆರೋಗ್ಯ ಕೆಟ್ಟು ಅಲ್ಲಿಗೆ ಸರಿದವರಲ್ಲ, ಅಲ್ಲೇ ಹುಟ್ಟಿದವರು. ಹೊರಗೆ ಮನೆ ಕೇಳಿದರೆ ಎಷ್ಟೋ ಕಡೆ ಮೊದಲು ಜಾತಿ ಕೇಳುತ್ತಾರೆ.

ರಕ್ತದ ಮೇಲೆ ಹೊರೆ ಹೊರಿಸುವ ವಾದ

ಎರಡನೆಯ ಪಂಥ ಜನಾಂಗದ ದೇಹಗುಣವನ್ನು ಮುಂದಿಡುತ್ತದೆ. ಬ್ರಿಟನ್ನಿಗೆ ವಲಸೆ ಹೋದ ದಕ್ಷಿಣ ಏಷ್ಯಾದವರಲ್ಲಿ ಹೃದಯಾಘಾತ ಅಲ್ಲಿನ ಇತರರಿಗಿಂತ ಹೆಚ್ಚೆಂದು ಕಂಡಾಗ, 1991ರಲ್ಲಿ ಮೆಕ್‌ಕೀಗ್, ಶಾ, ಮಾರ್ಮೊಟ್ ಅದಕ್ಕೆ ಹೊಟ್ಟೆಯ ಸುತ್ತ ಸೇರುವ ಕೊಬ್ಬು ಮತ್ತು ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು ಕಾರಣವೆಂದು ಸೂಚಿಸಿದರು. ಈ ವಾದ ನಿಜವಾದುದನ್ನೇ ಹೇಳುತ್ತದೆ: ತೆಳ್ಳಗೆ ಕಾಣುವ ನಮ್ಮವರಲ್ಲೂ ಸಕ್ಕರೆ ಕಾಯಿಲೆ ಬೇಗ ಬರುತ್ತದೆ, ಹೃದಯಾಘಾತ ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನಲ್ಲಿ ಆಗುತ್ತದೆ. ಆದರೆ 1999ರಲ್ಲಿ ರಾಜ್ ಭೋಪಾಲ್ ಮತ್ತು ಸಂಗಡಿಗರು ನ್ಯೂಕಾಸಲ್‌ನಲ್ಲಿ 'ದಕ್ಷಿಣ ಏಷ್ಯಾದವರು' ಎಂಬ ಒಂದೇ ಗುಂಪನ್ನು ಬಿಡಿಸಿ ನೋಡಿದಾಗ ಭಾರತೀಯರು, ಪಾಕಿಸ್ತಾನಿಗಳು, ಬಾಂಗ್ಲಾದೇಶದವರ ನಡುವೆಯೇ ದೊಡ್ಡ ಅಂತರ ಕಂಡಿತು. ಬಡತನದಲ್ಲಿ ಎಲ್ಲರಿಗಿಂತ ಕೆಳಗಿದ್ದ ಬಾಂಗ್ಲಾದೇಶದವರ ಸ್ಥಿತಿ ಹೃದಯದ ವಿಷಯದಲ್ಲೂ ಎಲ್ಲರಿಗಿಂತ ಕೆಟ್ಟಿತ್ತು. ಹತ್ತಿರದ ನಂಟಿನ ಈ ಜನರ ನಡುವೆ ಇಷ್ಟು ಅಂತರ ಇದ್ದರೆ ಅದಕ್ಕೆ ವಂಶವಾಹಿಯೊಂದನ್ನೇ ಹೊಣೆ ಮಾಡುವುದು ಕಷ್ಟ.

ಬೀದರ್ ಗಡಿಯಲ್ಲಿ ಈ ಪಂಥದ ಕಷ್ಟ ಇನ್ನೂ ಸ್ಪಷ್ಟ. ಲಂಬಾಣಿಗರನ್ನು ತೆಗೆದುಕೊಳ್ಳಿ. ಔರಾದ್ ತಾಲ್ಲೂಕಿನ ತಾಂಡಾದಲ್ಲಿ ಅವರು ಪರಿಶಿಷ್ಟ ಜಾತಿ. ಪೂರ್ವಕ್ಕೆ ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಅದೇ ಜನ 1970ರ ದಶಕದಿಂದ ಪರಿಶಿಷ್ಟ ಪಂಗಡ. ಪಶ್ಚಿಮಕ್ಕೆ ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅತ್ತೆ ಸೊಸೆ, ಅಳಿಯ ಮಾವ ಎಂದು ಮೂರೂ ಕಡೆ ನಂಟಸ್ತನ ಹಬ್ಬಿರುವ ಒಂದೇ ಜನ ಆರೋಗ್ಯ ಸಮೀಕ್ಷೆಯಲ್ಲಿ ಮೂರು ಬೇರೆ ಬೇರೆ ಕಾಲಂಗಳಿಗೆ ಬೀಳುತ್ತಾರೆ. ಮೂರು ರಾಜ್ಯಗಳ 'ಎಸ್‌ಸಿ', 'ಎಸ್‌ಟಿ' ಅಂಕಿಗಳನ್ನು ಎದುರುಬದುರು ಇಟ್ಟು ಯಾವ ಸಮುದಾಯದ ಹೃದಯ ದುರ್ಬಲ ಎಂದು ತೀರ್ಮಾನಿಸುವವರು ಈ ಕಾಲಂಗಳು ಕಚೇರಿಯಲ್ಲಿ ಹುಟ್ಟಿದವು ಎಂಬುದನ್ನು ನೆನಪಿಡಬೇಕು. ಅದೇ ಹೊತ್ತಿಗೆ ಇಲ್ಲೊಂದು ಅಪರೂಪದ ಅವಕಾಶವೂ ಇದೆ: ಒಂದೇ ಸಮುದಾಯ, ಮೂರು ಆಡಳಿತ, ಮೂರು ಬಗೆಯ ಆಸ್ಪತ್ರೆ ವ್ಯವಸ್ಥೆ. ರಕ್ತ ಮತ್ತು ನೆಲದ ಪಾಲನ್ನು ಬೇರೆ ಮಾಡಿ ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ದಕ್ಷಿಣ ಭಾರತದಲ್ಲಿ ಸಿಗುವುದು ಕಷ್ಟ.

ತಾಯಿಯ ಹೊಟ್ಟೆಯಿಂದ ಶುರುವಾಗುವ ಲೆಕ್ಕ

ಮೂರನೆಯ ಪಂಥ ರಕ್ತ ಮತ್ತು ನೆಲ ಎರಡನ್ನೂ ಬೆಸೆಯುತ್ತದೆ; ಅದರ ಮುಖ್ಯ ಸಾಕ್ಷ್ಯಗಳಲ್ಲೊಂದು ಕರ್ನಾಟಕದ್ದೇ. ಗರ್ಭದಲ್ಲಿ ಸರಿಯಾಗಿ ಬೆಳೆಯದ ಮಗುವಿಗೆ ದೊಡ್ಡವನಾದ ಮೇಲೆ ಹೃದ್ರೋಗದ ಅಪಾಯ ಹೆಚ್ಚು ಎಂದು 1980ರ ದಶಕದಲ್ಲಿ ಡೇವಿಡ್ ಬಾರ್ಕರ್ ವಾದಿಸಿದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ದಫ್ತರದಲ್ಲಿ ಬರೆದಿಟ್ಟಿದ್ದರು. ಆ ದಫ್ತರ ಹಿಡಿದು ದಶಕಗಳ ಮೇಲೆ 517 ಮಂದಿಯನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು ತೋರಿಸಿತು. ತಾಯಿಯೂ ತೆಳ್ಳಗಿದ್ದರೆ ಅಪಾಯ ಇನ್ನೂ ಹೆಚ್ಚು. ಬೀದರ್‌ಗೆ ಹತ್ತಿರದ ಸಾಕ್ಷ್ಯ ಹೈದರಾಬಾದ್ ಸುತ್ತಲಿನ ಹಳ್ಳಿಗಳದ್ದು. 1987ರಿಂದ 1990ರವರೆಗೆ ಅಲ್ಲಿನ ಕೆಲವು ಹಳ್ಳಿಗಳ ಬಸುರಿಯರಿಗೂ ಎಳೆಯ ಮಕ್ಕಳಿಗೂ ಪೂರಕ ಆಹಾರ ಸಿಕ್ಕಿತ್ತು, ಪಕ್ಕದ ಹಳ್ಳಿಗಳಿಗೆ ಸಿಕ್ಕಿರಲಿಲ್ಲ. ಆ ಮಕ್ಕಳು ಹದಿಹರೆಯಕ್ಕೆ ಬಂದಾಗ ಆಹಾರ ಸಿಕ್ಕ ಹಳ್ಳಿಗಳವರ ರಕ್ತನಾಳಗಳು ಹೆಚ್ಚು ಮೆದುವಾಗಿದ್ದವು, ಇನ್ಸುಲಿನ್ನಿನ ಲಕ್ಷಣವೂ ಉತ್ತಮವಾಗಿತ್ತು.

ಈ ಪಂಥದ ಮಹತ್ವ ಇರುವುದು ಕಾಲದ ಲೆಕ್ಕದಲ್ಲಿ. ಇಂದು ಔರಾದ್‌ನಲ್ಲಿ ಐವತ್ತೈದರ ಪ್ರಾಯದವರು 1972ರ ಬರದ ಆಸುಪಾಸಿನಲ್ಲಿ ಹುಟ್ಟಿದವರು. ಅವರ ತಾಯಂದಿರು ಏನು ಉಂಡರು ಎಂಬುದು ಇಂದಿನ ರಸ್ತೆ, ಇಂದಿನ ಪಡಿತರದಿಂದ ತಿದ್ದಲಾಗದ ಸಂಗತಿ. ಆದ್ದರಿಂದ ತಾಲ್ಲೂಕು ಈಗ ಮೇಲೆ ಬಂದಿದೆ, ಇನ್ನು ಅಪಾಯ ಇಳಿದೀತು ಎಂಬ ಲೆಕ್ಕ ನಿಲ್ಲುವುದಿಲ್ಲ. ಹೊಟ್ಟೆಯಲ್ಲಿದ್ದಾಗ ಕೊರತೆ, ನಡುವಯಸ್ಸಿಗೆ ಬಂದಾಗ ಅಗ್ಗದ ಎಣ್ಣೆ, ಸಕ್ಕರೆ, ಅಕ್ಕಿ: ಅಪಾಯ ಹೆಚ್ಚಿಸುವುದು ಇವೆರಡರ ಕೂಟವೇ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆಯ ಊಟ ಕೈಬಿಟ್ಟು ಹೋಗುತ್ತಿರುವಾಗಲೇ ಈ ಜನ ನಡುವಯಸ್ಸಿಗೆ ಕಾಲಿಟ್ಟಿದ್ದಾರೆ.

'ದುಡಿಯುವ ಮಂದಿಗೆ ಇದೆಲ್ಲ ಬರಲ್ಲ'

ಭಾರತದ ಮಟ್ಟಿಗೆ ಅತ್ಯಂತ ಬಿಸಿಯಾದ ವಾದ ಇದು. ಹೃದ್ರೋಗ ಕುಳಿತು ತಿನ್ನುವವರ ರೋಗ, ಹೊಲದಲ್ಲಿ ದುಡಿಯುವವರದಲ್ಲ ಎಂಬುದು ಜನಸಾಮಾನ್ಯರ ನಂಬಿಕೆಯಷ್ಟೇ ಆಗಿದ್ದರೆ ಬದಿಗಿಡಬಹುದಿತ್ತು. ಅಂಕಿಗಳೂ ಅದರ ಪರ ಒಂದಿಷ್ಟು ನಿಲ್ಲುತ್ತವೆ. ಸುಮಾರು 8 ಲಕ್ಷ ವಯಸ್ಕರ ಮಾಹಿತಿ ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದ್ರೋಗದ ಅಂದಾಜು ಅಪಾಯ ನಗರದಲ್ಲಿ ಮತ್ತು ಸಿರಿವಂತ ಮನೆಗಳಲ್ಲೇ ಹೆಚ್ಚಿತ್ತು. ಎಸ್.ವಿ. ಸುಬ್ರಮಣಿಯನ್ ಮತ್ತು ಸಂಗಡಿಗರು 2013ರಲ್ಲೇ, ಹೃದ್ರೋಗದ ಹೊರೆ ಬಡವರಿಗೆ ದಾಟಿತೆಂದು ಆತುರಪಟ್ಟು ಹೇಳಬೇಡಿ ಎಂದು ಎಚ್ಚರಿಸಿದ್ದರು. ಎದುರಿನ ಪಕ್ಷದವರು ಓದು ಕಡಿಮೆಯಿದ್ದವರಲ್ಲಿ ರೋಗ ಹೆಚ್ಚೆಂದು ತೋರಿಸಿದ 1994ರ ರಾಜಸ್ಥಾನದ ಗ್ರಾಮೀಣ ಅಧ್ಯಯನವನ್ನೂ, ಕೈಗಾರಿಕಾ ಕಾರ್ಮಿಕರಲ್ಲಿ ತಂಬಾಕು ಮತ್ತು ಬಿಪಿ ಕಡಿಮೆ ಓದಿದವರಲ್ಲೇ ಹೆಚ್ಚೆಂದು ತೋರಿಸಿದ ಶ್ರೀನಾಥ್ ರೆಡ್ಡಿಯವರ ತಂಡದ 2007ರ ಅಧ್ಯಯನವನ್ನೂ ಮುಂದಿಡುತ್ತಾರೆ.

ಎರಡೂ ಪಕ್ಷಗಳು ಅಳೆಯುತ್ತಿರುವುದು ಬೇರೆ ಬೇರೆ ಸಂಗತಿ ಎಂಬುದನ್ನು ಬಯಲಿಗೆ ತಂದದ್ದು 2014ರ 'ಪ್ಯೂರ್' ಅಧ್ಯಯನ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಪಾಲ್ಗೊಂಡಿದ್ದ, 17 ದೇಶಗಳ ಒಂದೂವರೆ ಲಕ್ಷ ಜನರ ಆ ಅಧ್ಯಯನದಲ್ಲಿ ಬಡ ದೇಶಗಳವರ ಮೈಯಲ್ಲಿ ಅಪಾಯದ ಅಂಶಗಳು ಕಡಿಮೆ ಇದ್ದವು, ಹೃದಯಾಘಾತ ಮತ್ತು ಸಾವು ಮಾತ್ರ ಹೆಚ್ಚಿದ್ದವು. ಇದಕ್ಕೂ ಮೊದಲು, 2008ರಲ್ಲಿ ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 50 ನಗರಗಳ 89 ಆಸ್ಪತ್ರೆಗಳಿಂದ 20,468 ಹೃದಯಾಘಾತದ ರೋಗಿಗಳ ವಿವರ ಕಲೆಹಾಕಿದ್ದರು. ಮೂವತ್ತು ದಿನಗಳೊಳಗೆ ಸತ್ತವರು ಶ್ರೀಮಂತರಲ್ಲಿ ಶೇ 5.5, ಬಡವರಲ್ಲಿ ಶೇ 8.2. ಬಿಪಿ, ಸಕ್ಕರೆ, ವಯಸ್ಸುಗಳನ್ನು ಸರಿದೂಗಿಸಿದರೂ ಈ ಅಂತರ ಹೋಗಲಿಲ್ಲ. ಸಿಕ್ಕ ಚಿಕಿತ್ಸೆಯನ್ನು ಸರಿದೂಗಿಸಿದಾಗ ಹೋಯಿತು. ನನ್ನ ಮಟ್ಟಿಗೆ ಇಡೀ ವಾದದಲ್ಲಿ ಇಷ್ಟು ತೂಕದ ಸಾಕ್ಷ್ಯ ಇನ್ನೊಂದಿಲ್ಲ. ದುಡಿಮೆ ಬಡವರ ಎದೆಯನ್ನು ಒಂದಿಷ್ಟು ಕಾಯುತ್ತಿರಬಹುದು. ಆ ರಕ್ಷೆ ದಾಟಿ ರೋಗ ಬಂದ ದಿನ ಅವರು ಬದುಕುವುದು ಸಾಯುವುದು ಚಿಕಿತ್ಸೆಯ ಮೇಲೆ ನಿಂತಿದೆ, ಚಿಕಿತ್ಸೆ ನೆಲದ ಮೇಲೆ ನಿಂತಿದೆ.

ದುಡಿಮೆಯ ರಕ್ಷೆಯೂ ಎಲ್ಲರಿಗಿಲ್ಲ. ಹಳೆ ಶಹರದ ಗಲ್ಲಿಗಳಲ್ಲಿ ಬಿದರಿ ಕೆಲಸ, ಹೊಲಿಗೆ, ಅಂಗಡಿ ಕೆಲಸ ಮಾಡುವವರು ಬಡವರೂ ಹೌದು, ದಿನವಿಡೀ ಕುಳಿತವರೂ ಹೌದು. ಹೊಗೆಯೊಲೆಯ ಮುಂದೆ ಕೂರುವ ತಾಂಡಾದ ಹೆಂಗಸರ ಎದೆಗೆ ಹೊಲದ ದುಡಿಮೆ ಕಾವಲಾದರೆ ಒಲೆಯ ಹೊಗೆ ವೈರಿ. ತಂಬಾಕು ಸುಣ್ಣ ಸಮುದಾಯಗಳೆಲ್ಲವನ್ನೂ ದಾಟಿದೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ ಎರಡು ರಾಜ್ಯಗಳ ಗಡಿಗೆ ಅಂಟಿಕೊಂಡ ತಾಲ್ಲೂಕಿನಲ್ಲಿ ಅದನ್ನು ತಡೆಯುವುದು ಸುಲಭದ ಕೆಲಸವಲ್ಲ.

ಎದೆ ಹಿಡಿದ ರಾತ್ರಿ

ನೆಲದ ಪಾಲು ಎಂದರೇನೆಂಬುದನ್ನು ಗಂಟೆಗಳಲ್ಲಿ ಎಣಿಸಬಹುದು. ಔರಾದ್ ತಾಲ್ಲೂಕಿನ ಒಂದು ತಾಂಡಾದಲ್ಲಿ ರಾತ್ರಿ ಹತ್ತಕ್ಕೆ ಒಬ್ಬರಿಗೆ ಎದೆ ಹಿಡಿಯುತ್ತದೆ. 'ಗ್ಯಾಸ್ ಆಗ್ಯಾದ' ಎಂದು ಮೊದಲು ಸೋಡಾ ಕುಡಿಸುತ್ತಾರೆ, ಎದೆ ನೀವುತ್ತಾರೆ. ಬೆವರು ನಿಲ್ಲದಿದ್ದಾಗ ಸೂಜಿ ಹಾಕುವ ಡಾಕ್ಟರನ್ನು ಕರೆಯುತ್ತಾರೆ. ಆಮೇಲೆ ಗಾಡಿಯ ಹುಡುಕಾಟ. ಹಗಲು ಓಡುವ ಟಂಟಂ ರಾತ್ರಿ ಸಿಗುವುದಿಲ್ಲ. ಔರಾದ್ ದವಾಖಾನೆ, ಅಲ್ಲಿಂದ ಬೀದರ್‌ಗೆ 40 ಕಿಲೋಮೀಟರಿಗೂ ಮೇಲೆ. ಅಲ್ಲಿಂದಲೂ ಮುಂದಕ್ಕೆ ಕಳಿಸಿದರೆ ಕಲಬುರಗಿ 110 ಕಿಲೋಮೀಟರಿನಷ್ಟು, ಹೈದರಾಬಾದ್ ಅದಕ್ಕೂ ದೂರ. ಮುಚ್ಚಿದ ರಕ್ತನಾಳವನ್ನು ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿಯಿಂದ ತೆರೆಯಲಾಗದಿದ್ದರೆ ಕೂಡಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು ಎಂಬುದು ವೈದ್ಯಶಾಸ್ತ್ರದ ನಿಯಮ. ಝೇವಿಯರ್ ಅಧ್ಯಯನದಲ್ಲಿ ನಗರದ ಆಸ್ಪತ್ರೆಗಳಿಗೆ ಬಂದವರೇ ನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ಸಾಮಾನ್ಯವಾಗಿ ಆರು ಗಂಟೆ ತೆಗೆದುಕೊಂಡಿದ್ದರು. ತಾಂಡಾದ ಲೆಕ್ಕ ಬೇರೆ ಹೇಳಬೇಕಿಲ್ಲ. ಬೀದರ್ ಶಹರದ ಹಳೆ ಗಲ್ಲಿಯವರಿಗೆ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರವಿದೆ. ಅಪಾಯದ ಅಂಶ ಅವರಲ್ಲಿ ಹೆಚ್ಚಿದ್ದರೂ ಉಳಿಯುವ ಸಾಧ್ಯತೆ ಹೆಚ್ಚಿರಬಹುದು. ಒಂದೇ ಜಿಲ್ಲೆಯ ಎರಡು ಬಡ ಸಮುದಾಯಗಳ ಸಾವಿನ ಲೆಕ್ಕ ಬೇರೆಯಾಗಲು ಇಷ್ಟು ಸಾಕು; ರಕ್ತದ ವಾದ ಇಲ್ಲಿ ಬೇಕಾಗುವುದೇ ಇಲ್ಲ.

ಈ ಅಂತರವನ್ನು ಕಿರಿದು ಮಾಡುವ ಎರಡು ಹೆಜ್ಜೆಗಳು ಈಚೆಗೆ ಬಿದ್ದಿವೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ದುಬಾರಿಯಾದ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾಯಿತು. ಔರಾದ್ ಪಾಲಿಗೆ ಇವೆರಡರಲ್ಲಿ ಮೊದಲನೆಯದೇ ದೊಡ್ಡದು, ಏಕೆಂದರೆ ಅದು ರೋಗಿಯನ್ನು ದೂರ ಓಡಿಸದೆ ಔಷಧವನ್ನು ಹತ್ತಿರ ತರುತ್ತದೆ.

ಇನ್ನೂ ತೀರ್ಮಾನವಾಗದ್ದು

ಮೊದಲನೆಯದಾಗಿ, ಯಾವ ಅಳತೆಯ ನೆರೆಹೊರೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015–16ರಿಂದ ಬಿಪಿ, ಶುಗರ್ ಅಳೆಯುತ್ತಿದೆ, ಆದರೆ ಅದರ ಅಂಕಿ ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತದೆ. ತಾಲ್ಲೂಕಿನ ಅಂಕಿ ಸಿಕ್ಕರೂ ಅದರೊಳಗೆ ಊರ ಮುಂದಿನ ಮನೆಗಳೂ ಊರ ಹೊರಗಿನ ಓಣಿಯೂ ಬೆರೆತಿರುತ್ತವೆ. ಎರಡನೆಯದು ಗುಳೆ. ವರ್ಷದಲ್ಲಿ ಏಳೆಂಟು ತಿಂಗಳು ಹೈದರಾಬಾದಿನ ಕಟ್ಟಡದ ಕೆಲಸದಲ್ಲಿರುವವರ ನೆರೆಹೊರೆ ಔರಾದ್ ತಾಂಡಾವೋ, ಅಲ್ಲಿನ ತಗಡಿನ ಶೆಡ್ಡೋ? ಅವರ ಬಿಪಿ ಗುಳಿಗೆಯ ಚೀಟಿ ಯಾವ ದವಾಖಾನೆಯದು? ನೆರೆಹೊರೆಯ ಪಂಥದ ಅಧ್ಯಯನಗಳು ಹೆಚ್ಚಾಗಿ ಒಂದೇ ವಿಳಾಸದಲ್ಲಿ ನೆಲೆನಿಂತವರನ್ನು ನೆನೆದು ಕಟ್ಟಿದವು, ಇವರಿಗೆ ಅವುಗಳಲ್ಲಿ ಜಾಗವಿಲ್ಲ. ಮೂರನೆಯದು ಅವಮಾನದ ಪ್ರಶ್ನೆ. ತಾರತಮ್ಯವೇ ಮೈಗೆ ಹತ್ತಿ ಬಿಪಿ ಏರಿಸುತ್ತದೆಯೇ ಎಂಬುದನ್ನು ಅಮೆರಿಕದಲ್ಲಿ ಕರಿಯರ ವಿಷಯದಲ್ಲಿ ಬಹಳ ಪರಿಶೀಲಿಸಿದ್ದಾರೆ. ನಮ್ಮಲ್ಲಿ ಜಾತಿಯ ವಿಷಯದಲ್ಲಿ ಈ ಕೆಲಸ ಇನ್ನೂ ಎಳೆಯದು. ಬಡತನದ ಪರಿಣಾಮವನ್ನು ಕಳೆದ ಮೇಲೂ ಉಳಿಯುವ ಅಂತರ ಎಷ್ಟು ಎಂಬುದು ಗೊತ್ತಾಗದೆ, ನಾನು ನೆಲಕ್ಕೆ ಕೊಟ್ಟ ಪಾಲಿನಲ್ಲಿ ಜಾತಿಯದೇ ಆದ ಭಾಗವೂ ಸೇರಿರಬಹುದೆಂದು ಒಪ್ಪಬೇಕಾಗುತ್ತದೆ.

ಎಲ್ಲದಕ್ಕೂ ದೊಡ್ಡ ಕೊರತೆ ಸಾವಿನ ಲೆಕ್ಕದ್ದು. 2016ರಲ್ಲಿ ದೇಶದ ಒಟ್ಟು ಸಾವುಗಳಲ್ಲಿ ಶೇ 28.1 ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಆದವು, 1990ರಲ್ಲಿ ಇದು ಶೇ 15.2 ಇತ್ತು ಎಂಬುದು ಅಂದಾಜು. ಆದರೆ 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5 ಮಾತ್ರ. ಮನೆಯಲ್ಲೇ ಜೀವ ಹೋದ ತಾಂಡಾದ ಮುದುಕಿಯ ಸಾವಿಗೆ ಬಹುಪಾಲು ಯಾವ ಕಾರಣವೂ ದಾಖಲಾಗುವುದಿಲ್ಲ. ಹಾಸನದ ಗದ್ದಲದ ನಂತರ ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡುವುದು ಕಡ್ಡಾಯ ಎಂದು ರಾಜ್ಯ ಸರ್ಕಾರ 2025ರ ಜುಲೈನಲ್ಲಿ ಹೇಳಿತು. ಮನೆ ಬಾಗಿಲಿಗೆ ಹೋಗಿ 30 ದಾಟಿದವರ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಯಿತು. ಬೀದರ್ ಜಿಲ್ಲೆಯ ಆರೋಗ್ಯ ಇಲಾಖೆ ಹಠಾತ್ ಸಾವಿನ ವರದಿ, ಮನೆ ಬಾಗಿಲ ತಪಾಸಣೆ ಈ ಎರಡೂ ದಾಖಲೆಗಳಲ್ಲಿ ಓಣಿ, ತಾಂಡಾಗಳ ಹೆಸರನ್ನು ಬರೆಸಲಿ, ವ್ಯಕ್ತಿಯ ಹೆಸರು, ಮನೆಯ ವಿಳಾಸ ಮರೆಮಾಡಿದ ಅಂಕಿಗಳನ್ನು ಕಲಬುರಗಿ, ಬೀದರ್‌ಗಳ ಮೆಡಿಕಲ್ ಕಾಲೇಜುಗಳ ಸಮುದಾಯ ವೈದ್ಯ ವಿಭಾಗಗಳಿಗೆ ಪ್ರತಿ ವರ್ಷ ಒದಗಿಸಲಿ. ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು ತಮ್ಮ ಊರಿನ ಮಟ್ಟಿಗೆ ಇದನ್ನು ಈ ವರ್ಷದಿಂದಲೇ ಕೇಳಿ ಪಡೆಯಬಹುದು.